ಬಾಗಿಲಿಗೆ ಬಾರದ ಬ್ಯಾಂಡು

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ಬಾತಿಸ್ತೆ ಫೋನಲ್ವಾ?…

ಯಾವ ಪಾಸ್ಕುವಲ್? ಡೋಲು ಬಾರಿಸೋ ಪಾಸ್ಕುವಲ್ಲಾ?… ಹಾಂ, ಗೊತ್ತಾಯ್ತು ಬಿಡಪ್ಪ. ನಾನು ರೆಮೇಯ್. ನಿಮ್ಮ ಬ್ಯಾಂಡಿನ ಅಧ್ಯಕ್ಷರ ಅಕ್ಕ. ಅವನ ಕೈಗೆ ಕೊಡು ಫೋನು…

ಯಾರದೋ ಮನೆ ಬಾಗಿಲಲ್ಲಿ ಗೆಣಸಿನ ಕಡುಬು ತಿಂತಿದಾನಾ? ತಿನ್ಲಿ, ಪಾಪ. ಬಾಯಲ್ಲಿರೋದನ್ನ ನುಂಗಿ ಬಾ ಅನ್ನು. ಅಕ್ಕ ಫೋನಲ್ಲಿದಾಳೆ ಅನ್ನು. ಸಿಟ್ಟಲ್ಲಿದಾಳೆ ಅಂತಾನೂ ಹೇಳು…

ಯಾರೋ, ಬಾತಿಸ್ತೆನಾ?… ಹಬ್ಬದ ಶುಭಾಶಯ ಆಮೇಲೆ ಹೇಳುವೆಯಂತೆ. ಮೊದ್ಲು ನಾನು ಕೇಳಿದ್ದಕ್ಕೆ ಉತ್ತರ ಕೊಡು. ಇವತ್ತು ನಿಮ್ಮ ವಾದ್ಯದೋರ ಸಂತ ಸೆಸಿಲಿಯಾ ಹಬ್ಬ ಅಲ್ವಾ? ಹೊಸದಾಗಿ ಬ್ಯಾಂಡಿಗೆ ಸೇರಿದ ಮಕ್ಕಳನ್ನ ಅವರವರ ಮನೆ ಬಾಗಿಲಿಗೆ ಹೋಗಿ, ಬಾರಿಸ್ಕೊಂಡು ಕರ್ಕೊಂಡು ಬರೋ ದಿನ ಅಲ್ವಾ?… ಅಲ್ವಾ ಅಂದೆ… ಹಾಂ. ಹಾಗಾದ್ರೆ ನನ್ನ ಮೊಮ್ಮಗಳು ಮಿರೇಯಾ ಕ್ಲಾರಿನೆಟ್ ಹಿಡ್ಕೊಂಡು ಇನ್ನೂ ಹೊಸ್ತಿಲ ಮೇಲೆ ಯಾಕೆ ನಿಂತಿದಾಳೆ?…

ಏನಂದೆ? ಕಾರು ಕಳಿಸ್ತೀಯಾ?… ಇರು, ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಕೋತೀನಿ. ಕಾರು… ಬೇರೆ ಮಕ್ಕಳಿಗೆಲ್ಲ ಇಡೀ ಬ್ಯಾಂಡು ಬಾಗಿಲಿಗೆ ಹೋಗತ್ತೆ, ನಮ್ಮ ಹುಡುಗಿಗೆ ಮಾತ್ರ ಕಾರು. ಯಾಕಪ್ಪ, ಅವಳೇನು ಕಿತ್ತಳೆ ಬುಟ್ಟಿನಾ, ಡಿಕ್ಕಿಗೆ ಹಾಕ್ಕೊಂಡು ಹೋಗೋಕೆ?…

ನಲ್ಲಿಕಟ್ಟೆ ಮೂಲೆ ತನಕ ಬಂದಿದ್ರಿ. ನಂಗೆ ಗೊತ್ತು. ಕೇಳಿಸ್ತು. ನಂಗೊಬ್ಬಳಿಗೇ ಅಲ್ಲ, ಬೀದಿಗೆಲ್ಲ ಕೇಳಿಸ್ತು. ಡೋಲು ಮೂಲೆಗೆ ಬಂತು, ನಿಂತ್ಕೊಂತು, ಆಮೇಲೆ ಆ ಕಡೆ ತಿರುಗ್ತು…

ಹಳೇ ಬ್ಯಾಂಡಿನೋರ ಬೀದಿ ಅಂತ ನಂಗೇ ಹೇಳ್ಕೊಡ್ತೀಯಾ? ನಾನು ಈ ಬೀದಿಗೆ ಸೊಸೆಯಾಗಿ ಬಂದಾಗ ನಿಂಗಿನ್ನೂ ಮೂಗಿನ ಸಿಂಬಳ ಒರೆಸ್ಕೊಳೋಕೆ ಬರ್ತಿರ್ಲಿಲ್ಲ. ನೀವು ಹೊಸ ಬ್ಯಾಂಡು, ಇವರು ಹಳೇ ಬ್ಯಾಂಡು, ನೀವು ಈ ಮೂಲೆ ದಾಟಲ್ಲ, ಇವರು ಆ ಮೂಲೆ ದಾಟಲ್ಲ. ನಿಮ್ಮ ಹೊಸ ಬ್ಯಾಂಡಿಗೆ ನಮ್ಮಜ್ಜನ ವಯಸ್ಸಾಗಿದೆ, ಇನ್ನೂ ಹೊಸದಂತೆ. ನಾಚಿಕೆ ಆಗ್ಬೇಕು…

ಸಮಿತಿ ತೀರ್ಮಾನನಾ? ಸಮಿತಿಗೆ ಅಧ್ಯಕ್ಷ ಯಾರು, ನಾನಾ?… ಮಾತಾಡು. ಯಾಕೆ, ಕಡುಬು ಗಂಟಲಿಗೆ ಸಿಕ್ಕಿಹಾಕ್ಕೊಂತಾ?…

ನೋಡು ಬಾತಿಸ್ತೆ, ನಿಮ್ಮ ಬ್ಯಾಂಡಿನ ಸಂಗೀತ ಶಾಲೆಗೆ ಹುಡುಗಿನ ಸೇರಿಸ್ಕೊಳ್ಳೋವಾಗ ಅವಳು ಯಾವ ಬೀದಿಯೋಳು ಅಂತ ನೀವ್ಯಾರೂ ಕೇಳ್ಲಿಲ್ಲ. ಎರಡು ವರ್ಷ ವಾದ್ಯ ಮುಟ್ಟೋಕೆ ಬಿಡ್ಲಿಲ್ಲ, ಬರೀ ಕೈ ಬೀಸ್ಕೊಂಡು ಸ್ವರ ಓದಿಸಿದ್ರಿ. ಮರುಮಾತಿಲ್ದೆ ಓದಿದ್ಲು. ಊಟಕ್ಕೆ ಕೂತ್ರೂ ಚಮಚದಲ್ಲಿ ತಾಳ ಹಾಕ್ತಿದ್ಲು, ಸಾರೆಲ್ಲ ನನ್ನ ಮೇಜುಬಟ್ಟೆ ಮೇಲೆ. ಆಗೆಲ್ಲ ಅವಳು ನಿಮ್ಮೋಳು. ಈಗ ಕರ್ಕೊಂಡು ಹೋಗೋ ಹೊತ್ತಿಗೆ ನಮ್ಮ ಬೀದಿ ನಿಮಗೆ ಮೈಲಿಗೆ ಆಯ್ತು…

ಹಾಂ?… ನಿನ್ನ ಭಾವನ ಹೆದರಿಕೆನಾ? ಶಿಮೊ ಬಾಗಿಲು ಹಾಕ್ಕೋತಾನೆ ಅಂತನಾ?… ನೀರು ಎರಚಿದ್ದ, ಹೌದು, ಎರಚಿದ್ದ. ಯಾವಾಗ? ನಮ್ಮ ಮದುವೆ ಮಾರನೇ ದಿನ. ನಿಮ್ಮ ಬ್ಯಾಂಡಿನೋರು ಕುಡ್ಕೊಂಡು ಬಂದು ಬೇಕಂತಲೇ ನಮ್ಮ ಕಿಟಕಿ ಕೆಳಗೆ ಡೋಲು ಬಾರಿಸಿದ್ರು. ನೀರು ಎರಚದೆ ಹೂ ಎರಚ್ತಾನಾ? ಅದನ್ನ ಇಷ್ಟು ವರ್ಷ ಕಟ್ಕೊಂಡು ಕೂತಿದೀಯಲ್ಲ, ಇವತ್ತು ಬೆಳಗ್ಗೆ ಅವನು ಏನು ಮಾಡಿದ ಅಂತ ಕೇಳಿದ್ಯಾ? ಒಂದು ಫೋನು ಮಾಡಿ ಕೇಳಿದ್ಯಾ?…

ಕೇಳು. ಎದ್ದೋನೇ ಬೀದಿಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಆಮೇಲೆ ಕಪ್ಪು ಸೂಟು ಹಾಕ್ಕೊಂಡ, ಗುಂಡಿ ಹತ್ತಲಿಲ್ಲ, ಹಾಗೇ ಬಿಟ್ಟ. ಕಡುಬಿನ ತಟ್ಟೆ, ಸಿಹಿ ವೈನಿನ ಲೋಟ, ಎಲ್ಲ ತಾನೇ ತಂದು ಹೊರಗಡೆ ಮೇಜಿನ ಮೇಲಿಟ್ಟ. ಎರಡೂ ಬಾಗಿಲು ತೆಗೆದು ಕುರ್ಚಿ ಹಾಕ್ಕೊಂಡು ಕೂತ. ಏನ್ರೀ ಇದು ಅಂದ್ರೆ, ಮನೆಯೊಳಗೆ ಗಾಳಿ ಆಡ್ಲಿ ಅಂತ ಅಂದ. ನವೆಂಬರ್ ಚಳಿಯಲ್ಲಿ ಗಾಳಿ ಆಡ್ಬೇಕಂತೆ. ಕಾಯ್ತಿದೀನಿ ಅಂತ ಬಾಯಿಬಿಟ್ಟು ಹೇಳಿದ್ರೆ ಅವನು ಶಿಮೊ ಹೇಗಾದಾನು…

ಆಮೇಲೆ ಏನು, ನಿಮ್ಮ ಡೋಲು ಮೂಲೆಗೆ ಬಂತಲ್ಲ, ಎದ್ದು ನಿಂತ. ಲೋಟಕ್ಕೆ ವೈನು ಬಗ್ಗಿಸೋಕೆ ಶುರು ಮಾಡಿದ. ನಾನಿನ್ನೂ ಬಂದ್ರು ಬಂದ್ರು ಅಂತಿದೀನಿ, ಅವನು ಬಾಟ್ಲು ಕೆಳಗಿಟ್ಟು, ಆ ಕಡೆ ತಿರುಗಿದ್ರು ಕಣೇ ಅಂದ. ಹಳೇ ಬ್ಯಾಂಡಲ್ಲಿ ಪಳಗಿದ ಕಿವಿ ಅಲ್ವಾ, ನಮಗಿಂತ ಮೊದ್ಲು ಅವನಿಗೆ ಗೊತ್ತಾಯ್ತು…

ಹೌದು, ಎಲ್ಲರೂ ನೋಡಿದ್ರು. ನನ್ನ ಸೊಸೆ ಕಿತ್ತಳೆ ಗೋದಾಮಿಗೆ ರಜೆ ಹಾಕಿ ಕೂತಿದಾಳೆ. ವಲೆನ್ಸಿಯಾದಿಂದ ಹುಡುಗಿಯ ಸೋದರತ್ತೆ ಬಂದಿದಾಳೆ. ಎದುರುಮನೆ ಡೊಲೋರ್ಸ್ ಬಾಲ್ಕನಿಗೆ ಬಂದು, ಅಯ್ಯೋ ಬರಲ್ವಂತಾ ಅಂತ ಕೇಳಿದ್ಲು. ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು…

ಮಿರೇಯಾ?… ಇಲ್ಲ, ಅವಳಿಗೆ ಫೋನು ಕೊಡಲ್ಲ. ನೀನೇನು ಹೇಳ್ತೀಯಾ ಅವಳಿಗೆ? ನನ್ನ ಕೇಳಿದ್ಲು, ಅಜ್ಜಿ, ನಾನು ಚೆನ್ನಾಗಿ ನುಡಿಸಲ್ಲ ಅಂತ ಅವರು ಬರ್ಲಿಲ್ವಾ ಅಂತ… ಹೌದು, ಹಾಗೇ ಕೇಳಿದ್ಲು. ಅದಕ್ಕೆ ಉತ್ತರ ನಿನ್ನ ಸಮಿತಿ ಹತ್ರ ಇದ್ಯಾ? ಒಳಗೆ ಬಾ ಅಂದ್ರೆ ಬರ್ತಾ ಇಲ್ಲ. ಕ್ಲಾರಿನೆಟ್ಟು ತಣ್ಣಗಾದ್ರೆ ಸ್ವರ ಇಳಿಯತ್ತೆ ಅಂತ ಅದನ್ನ ಕೋಟಿನೊಳಗೆ ಇಟ್ಕೊಂಡು ನಿಂತಿದಾಳೆ. ನೀವೇ ಹೇಳ್ಕೊಟ್ಟಿದ್ದಲ್ವಾ ಅದು?…

ಅಳಬೇಡ. ನಂಗೆ ನಿನ್ನ ಅಳು ಬೇಡ, ಬ್ಯಾಂಡು ಬೇಕು…

ಏನು, ಬಾರಿಸದೆ ಬರ್ತೀರಾ? ಸುಮ್ಮನೆ ನಡ್ಕೊಂಡು ಬಂದು ಕರ್ಕೊಂಡು ಹೋಗ್ತೀರಾ?… ಯಾಕೋ, ಹೆಣ ಎತ್ತೋಕಾ? ಇಲ್ಲಿ ಯಾರೂ ಸತ್ತಿಲ್ಲ. ಬರೋದಾದ್ರೆ ಬಾರಿಸ್ಕೊಂಡು ಬನ್ನಿ. ಇಲ್ದಿದ್ರೆ ಇನ್ನು ಮೇಲೆ ಈ ಅಕ್ಕನ ಮನೆಗೆ ನೀನೂ ಬರಬೇಡ. ಕ್ರಿಸ್‌ಮಸ್ ಊಟಕ್ಕೂ ಬೇಡ. ನಿನ್ನ ಪಾಲು ಕಾರಲ್ಲಿ ಕಳಿಸ್ತೀನಿ…

ಹಳೇ ಬ್ಯಾಂಡಿನೋರ ಒಪ್ಪಿಗೆ ಕೇಳ್ಬೇಕಾ? ಹಾಗಾದ್ರೆ ಕೇಳು. ಹಳೇ ಬ್ಯಾಂಡು ಇಲ್ಲೇ ಕುರ್ಚಿ ಮೇಲೆ…

ಇರು. ಒಂದ್ನಿಮಿಷ ಇರು… ನಿನ್ನ ಭಾವ ಕುರ್ಚಿಯಿಂದ ಎದ್ದ. ಒಳಗೆ ಹೋದ… ನೋಡಿದ್ಯಾ, ನೋಡಿದ್ಯಾ ನೀನು ಮಾಡಿದ್ದು. ಈಗ ಬಾಗಿಲು ಹಾಕ್ತಾನೆ. ಇವತ್ತು ಹಾಕಿದ್ರೆ ಸಾಯೋತನಕ ತೆಗೆಯಲ್ಲ, ನಂಗೊತ್ತು…

ಅಟ್ಟದಿಂದ ಏನೋ ಇಳಿಸ್ತಿದಾನೆ. ಧೂಳು… ರೀ, ಏನದು?… ಬಾತಿಸ್ತೆ, ಬೊಂಬಾರ್ದೀನೊ ತಂದಿದಾನೆ ಕಣೋ. ಅದೇ, ಅವನ ಹೊಟ್ಟೆದಪ್ಪ ಹಿತ್ತಾಳೆ ವಾದ್ಯ. ಎದೆ ಸರಿಯಿಲ್ಲ, ಊದಬೇಡ ಅಂತ ಡಾಕ್ಟರು ಹೇಳಿದ್ಮೇಲೆ ಅದನ್ನ ಮುಟ್ಟಿರ್ಲಿಲ್ಲ… ರೀ, ಬೇಡ ರೀ. ಶಿಮೊ. ಕೇಳಿಸ್ತಾ?… ಕೇಳಿಸ್ಕೋತಿಲ್ಲ.

ಬೀದಿಗಿಳಿದ. ನಡುಬೀದಿಯಲ್ಲಿ ನಿಂತ್ಕೊಂಡ, ನಮ್ಮ ಬಾಗಿಲ ಕಡೆ ಮುಖ ಮಾಡಿ. ಬ್ಯಾಂಡಿನೋರು ನಿಲ್ತಾರಲ್ಲ, ಹಾಗೇ… ಮಾತಾಡಬೇಡ, ಸುಮ್ನಿರು…

ಕೇಳಿಸ್ತಾ?… ಫೋನು ಹೊರಗೆ ಹಿಡಿದಿದೀನಿ, ಕೇಳು. ಯಾವುದು ಹೇಳು. ಗೊತ್ತಾಗ್ಲಿಲ್ವಾ?… ಹೌದು ಕಣೋ. ಅದೇ. ಅಪ್ಪ ಕಟ್ಟಿದ್ದು. ನಿಮ್ಮ ಹೊಸ ಬ್ಯಾಂಡಿನ ಹಾಡು. ಅಡುಗೆ ಮಾಡ್ತಾ ನಾನದನ್ನ ಗುನುಗಿದ್ರೆ ಊಟ ಬಿಟ್ಟು ಎದ್ದುಹೋಗ್ತಿದ್ನಲ್ಲ, ಅದೇ ಹಾಡು. ಒಂದು ಸ್ವರಾನೂ ತಪ್ತಿಲ್ಲ. ಯಾವಾಗ ಕಲಿತ್ನೋ, ಕಳ್ಳ…

ಹೋಗು ಪುಟ್ಟಿ. ನಿಂಗೇ ಅದು, ಅಜ್ಜ ನಿನ್ನ ಕರೀತಿರೋದು. ಕ್ಲಾರಿನೆಟ್ಟು ಹೊರಗೆ ತೆಗಿ. ಎಡಗಾಲು ಮೊದ್ಲು… ಹಾಂ, ಹಾಗೆ.

ಏನೋ?… ಈಗ ಬರ್ತೀರಾ? ಬ್ಯಾಂಡು ಪೂರ್ತಿ ಬರತ್ತಾ?… ಬೇಡ. ಬರಬೇಡಿ. ನಿಂತಲ್ಲೇ ನಿಲ್ಲಿ. ಟೋಪಿ ತೆಗೆದು ನಿಲ್ಲಿ ಎಲ್ಲರೂ. ನೀವು ದಾಟದೇ ಇದ್ದ ಮೂಲೇನ ಎದೆ ಸರಿಯಿಲ್ಲದ ಮುದುಕ ದಾಟ್ತಾನೆ, ನೋಡ್ತಾ ನಿಲ್ಲಿ…

ಹೊರಟ್ರು. ಮುಂದೆ ಇವನು, ಹಿಂದೆ ಅವಳು. ಅವಳಿನ್ನೂ ನುಡಿಸ್ತಿಲ್ಲ, ಹೆಜ್ಜೆ ಎಣಿಸ್ತಿದಾಳೆ ಕಣೋ. ಡೊಲೋರ್ಸ್ ಬಾಲ್ಕನಿಯಿಂದ ಚಪ್ಪಾಳೆ ತಟ್ತಿದಾಳೆ. ಹಳೇ ಬ್ಯಾಂಡಿನೋಳು ಅವಳೂ… ಇಲ್ಲ, ನಾನು ಅಳ್ತಿಲ್ಲ. ನನ್ನ ಸಿಟ್ಟಿನ್ನೂ ಇಳಿದಿಲ್ಲ, ತಿಳ್ಕೋ…

ನಲ್ಲಿಕಟ್ಟೆ ಹತ್ರ ಹೋದ್ರು… ತಿರುಗಿದ್ರು. ಈಗ ಕಾಣ್ತಿಲ್ಲ. ಕೇಳಿಸ್ತಾನೂ ಇಲ್ಲ… ಬಾತಿಸ್ತೆ, ನಿಂತ್ಬಿಟ್ನಾ ಅವನು? ಉಸಿರು ಕಟ್ತಾ? ಏನಾದ್ರೂ ಹೇಳೋ…

ಇರು… ಕೇಳಿಸ್ತಿದೆ. ನಿನ್ನ ಫೋನಲ್ಲಿ ಕೇಳಿಸ್ತಿದೆ, ನಿಮ್ಮ ಹತ್ರಾನೇ ಬಂದಿದಾನೆ. ಶಿಮೊನೇ ಅದು… ಸೋಲ್ತಿದಾನೆ ಕಣೋ, ಆ ಮೇಲಿನ ಸ್ವರಕ್ಕೆ ಅವನಿಗೆ ಉಸಿರು ಸಾಲಲ್ಲ. ಏನು ಬಾಯಿ ಬಿಟ್ಕೊಂಡು ನೋಡ್ತಿದೀರಾ ಎಲ್ಲ? ಜೊತೆ ಹಿಡೀರೋ. ಪಾಸ್ಕುವಲ್‌ಗೆ ಹೇಳು, ತಾಳ ಕೊಡು ಅನ್ನು…

ಅದ್ಯಾರು?… ಕ್ಲಾರಿನೆಟ್ಟು. ಅದು ನಮ್ಮ ಮಿರೇಯಾ. ಮೇಲಿನ ಸ್ವರ ಅವಳು ಹಿಡಿದ್ಲು… ಹಾಂ, ಡೋಲೂ ಬಂತು. ಬಾತಿಸ್ತೆ, ಫೋನು ಸ್ವಲ್ಪ ಎತ್ತಿ ಹಿಡಿಯೋ, ಇನ್ನೂ ಸ್ವಲ್ಪ… ಹಲೋ?… ಹಲೋ, ಬಾತಿ…