‘ಆರ್’ ದರ್ಜೆಯ ಗಾಡಿ

ಮೊಂಬಾಸಾದ ಲಿಕೋನಿ ಕಡವಿನಲ್ಲಿ, ದೋಣಿಯ ಗೇಟು ತೆರೆಯುವುದನ್ನು ಕಾಯುತ್ತ ಗೋಡಂಬಿಯ ಬುಟ್ಟಿಯೊಡನೆ ಕುಳಿತಿದ್ದ ಸೌಮುವಿನ ಬೆನ್ನ ಹಿಂದೆಯೇ ಒಬ್ಬ ಅಕ್ಕ ಮತ್ತು ಅವಳ ತಮ್ಮನ ಮಾತು ನಡೆದಿತ್ತು. ಸೌಮು ತಿರುಗಿ ನೋಡಲಿಲ್ಲ, ಆದರೆ ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ.

“ಜಪಾನಲ್ಲಿ ಆ ಹಳೇ ಕಾರಿನ ಹರಾಜು ಇವತ್ತೇ ಅಕ್ಕ. ಬೇಕೋ ಬೇಡ್ವೋ, ಏಜೆಂಟ್‌ಗೆ ಈಗ್ಲೇ ಹೇಳ್ಬೇಕು.”

“ದರ್ಜೆ ಎಷ್ಟು ಅಂದೆ, ಕೊಂಬೋ?”

“ನಂಬರ್ ಇಲ್ಲ. ‘ಆರ್’ ಅನ್ನೋ ಅಕ್ಷರ ಇದೆ. ಗುದ್ದಿಸ್ಕೊಂಡು ರಿಪೇರಿ ಆಗಿರೋ ಗಾಡಿ ಅಂತ. ನಾಲ್ಕು ನಂಬರಿನ ಒಳ್ಳೆ ಗಾಡಿ ನಮ್ಮ ಕೈಗೆ ಎಟುಕಲ್ಲ.”

“ಒಳಗೆ?”

“ಒಳಗಡೆಗೆ ‘ಬಿ’ ಕೊಟ್ಟಿದಾರೆ. ಸೀಟಲ್ಲಿ ಒಂದು ಕಲೆನೂ ಇಲ್ವಂತೆ. ನಿನ್ನ ಅಡುಗೆಮನೆ ನೋಡಿದ್ರೆ ‘ಡಿ’ ಕೊಡ್ತಿದ್ರು.”



“ಗುದ್ದಿದಾಗ ಓಡಿಸ್ತಿದ್ದೋರು ಏನಾದ್ರು ಅಂತ ಬರ್ದಿದಾರಾ?”

“ಅದಕ್ಕೆಲ್ಲ ದರ್ಜೆ ಇಲ್ಲ ಅಕ್ಕ. ಗಾಡಿ ಮಾತ್ರ ನೋಡ್ತಾರೆ.”

“ನಿನ್ನ ಭಾವನ ಜೀವ ಹೋದ ಗಾಡಿನ ಆ ಗ್ಯಾರೇಜಿನೋನು ತಗೊಂಡ್ನಲ್ಲ. ಮಾರಿದ್ನಾ?”

“ಮಾರಿದ. ನೆಟ್ಟಗೆ ಮಾಡಿ, ಬಿಳಿ ಬಣ್ಣ ಹೊಡ್ದು.”

“ತಗೊಂಡೋರಿಗೆ ಹೇಳಿದ್ನಾ?”

“ಇಲ್ಲಿ ಯಾರು ಹೇಳ್ತಾರೆ ಬಿಡು.”

ದೋಣಿಯ ಸೈರನ್ ಕೂಗಿತು. ಜನರೆಲ್ಲ ಒಮ್ಮೆಗೇ ಎದ್ದರು.

“ಏನಂತ ಹೇಳ್ಲಿ ಅಕ್ಕ?”

“ತಗೋ ಅನ್ನು.” ಸಂತೆಯಲ್ಲಿ ಉಪ್ಪು ಕೇಳುವವಳ ದನಿಯಷ್ಟೇ ಸಪ್ಪೆಯಾಗಿತ್ತು ಆ ದನಿ. “ಅಲ್ಲಿಯವರು ಗುದ್ದಿದ ಗಾಡಿ ಅಂತ ಬರ್ದಾದ್ರೂ ಇಟ್ಟಿದಾರೆ.”

ಸೌಮು ಬುಟ್ಟಿಯನ್ನೆತ್ತಿಕೊಂಡು ತಿರುಗುವಷ್ಟರಲ್ಲಿ ಕೊಂಬೋ ಫೋನನ್ನು ಕಿವಿಗೊತ್ತಿಕೊಂಡು ನಡೆದಿದ್ದ. ಅಕ್ಕ ಅವನ ಅಂಗಿಯ ತುದಿಯನ್ನು ಹಿಡಿದುಕೊಂಡು, ತೆರೆದ ಗೇಟಿನೊಳಗೆ ಜನರೊಂದಿಗೆ ಸಾಗಿಹೋದಳು.