ಪಕ್ಕದ ಮನೆಯ ಕಾವು

ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಿರಿಯಾಕೆಯ ಗಂಡ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಕಿರಿಯಾಕೆ ಪಕ್ಕದ ಮನೆಯವಳು.

"ಕಾವು ಕೂತಿದ್ದ ಹೇಂಟೇನ ನಾಯಿ ಹಿಡೀತಲ್ಲ, ಮೊಟ್ಟೆನಾದ್ರೂ ಉಳಿಸ್ತೀನಿ ಅಂತ ಇವರು ಹಟ ಹಿಡಿದು ಕಾವು ಕೊಡೋ ಇನ್‌ಕ್ಯುಬೇಟರ್ ತಂದ್ರು. ನೋಡಿದ್ರೆ ತಾವೇ ಹಾಸಿಗೆ ಹಿಡಿದ್ರು."

"ನೀವು ಬೀಗದ ಕೈ ಕೊಟ್ಟು ಆಸ್ಪತ್ರೆಗೆ ಹೋದಾಗ ನಂಗೆ ಎದೆ ಡವಡವ ಅಕ್ಕ. ಮೊಟ್ಟೆ ಬೇಯಿಸೋದು ಬಿಟ್ರೆ ನಂಗೇನು ಗೊತ್ತಿತ್ತು?"

"ಕರೆಂಟ್ ಹೋದಾಗ ಏನ್ ಮಾಡ್ದೆ?"

"ಬಾಟಲಿಗೆ ಬಿಸಿನೀರು ತುಂಬಿ ಒಳಗಿಟ್ಟು, ಮೇಲೆ ಕಂಬಳಿ ಹೊದಿಸ್ದೆ. ತಣ್ಣಗಾದ ಹಾಗೆಲ್ಲ ಬದಲಾಯಿಸ್ದೆ. ‘ನೀನೇ ಕಾವು ಕೂತಿದೀಯಲ್ಲೇ’ ಅಂತ ನಮ್ಮನೆಯವರು ನಗಾಡಿದ್ರು. ಆದ್ರೂ ಅರ್ಧದಷ್ಟು ಮೊಟ್ಟೆ ಮರಿಯಾಗ್ಲೇ ಇಲ್ಲ. ಅದೇ ಬೇಜಾರು."

"ಬೇಜಾರು ಯಾಕೇ? ಊಟ ಬೇಡ, ಮಾತೂ ಬೇಡ ಅಂತ ಆಸ್ಪತ್ರೇಲಿ ಗೋಡೆ ಕಡೆ ತಿರುಗಿ ಮಲಗಿದ್ರು ಅವರು. ನೀನು ಫೋನಲ್ಲಿ ಮರಿಗಳ ಚಿಂವ್ ಚಿಂವ್ ಕೇಳಿಸಿದ್ದೇ ತಡ, ಎದ್ದು ಕೂತು, ‘ಅವಕ್ಕೆ ನುಚ್ಚು ಹಾಕಿದ್ರಾ?’ ಅಂದ್ರು. ಅವತ್ತೇ ನನ್ನ ಕೈಯಿಂದ ನಾಲ್ಕು ತುತ್ತು ಉಂಡಿದ್ದು. ಇದನ್ನ ಹೇಗೆ ಮರೀಲಿ ನಾನು?"

ಕಿರಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯವನು ಮಾತ್ರೆಯ ಪೊಟ್ಟಣ ಚಾಚಿದ.

"ಒಂದು ಮರಿಗೆ ನಿನ್ನ ಹೆಸರಿಟ್ಟಿದಾರೆ."

"ಹೌದಾ? ಯಾವುದಕ್ಕೆ?"

"ಎಲ್ಲರನ್ನೂ ತಳ್ಳಿ ನುಚ್ಚಿಗೆ ನುಗ್ಗತ್ತಲ್ಲ, ಆ ಜಗಳಗಂಟಿಗೆ!"

ನಗುತ್ತ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅವರು ರಸ್ತೆ ದಾಟಿದರು.