ಹೊಗೆ ಇಲ್ಲದ ಚಿತ್ರ

...ನಗ್ತಿದೀಯಲ್ಲೋ! ನಗು, ನಗು. ಮೂರು ಕಾಲಿನ ಸ್ಟೂಲಿನ ಮೇಲೆ ಹಂಡೆ ಕವುಚಿಟ್ಟ ಹಾಗಿದೆ ಅಲ್ವಾ? ತಾತನ ಕಾಲದಲ್ಲಿ ಯಾರೋ ಪುಣ್ಯಾತ್ಮ ಕಥೆಗೆ ಬರೆದ ಚಿತ್ರ ಕಣೋ. ಬೇರೆ ಗ್ರಹದಿಂದ ಬಂದ ಯುದ್ಧಯಂತ್ರವಂತೆ! ಪಾಪ, ಅವನು ಕಂಡ ದೊಡ್ಡ ಯಂತ್ರ ಅಂದ್ರೆ ಉಗಿ ಬಾಯ್ಲರು. ಅದಕ್ಕೇ ಮೂರು ಕಾಲು ಸಿಕ್ಕಿಸಿದ, ಕೈ ತೊಳ್ಕೊಂಡ.

ಅದೇ ಕಥೆಗೆ ಇದು ಆಮೇಲಿನವನದ್ದು. ಆಕ್ಟೋಪಸ್ ತಲೆ, ಜೋತಾಡೋ ಹಗ್ಗದಂಥ ಕೈ. ಇದು ಬಾಂಬು ಬೀಳ್ತಿದ್ದ ಕಾಲದ್ದು... ಇವನು ಕಾಲಿನ ಗೊಡವೆಯೇ ಬೇಡ ಅಂತ ಆಕಾಶದಲ್ಲಿ ಹಾರಿಸಿಬಿಟ್ಟಿದಾನೆ! ಯಾಕೆ ಹೇಳು? ಮೂರು ಕಾಲಲ್ಲಿ ನಡೆಸೋದು ಹೇಗೆ ಅಂತ ಯಾವನಿಗೂ ತಿಳೀಲಿಲ್ಲ. ಒಂದು ಎತ್ತಿದ್ರೆ ಉಳಿಯೋದು ಎರಡು, ಧೊಪ್ ಅಂತ ಬೀಳತ್ತೆ. ಅದಕ್ಕೇ ನಮ್ಮ ಕಸುಬಿನವರೆಲ್ಲ ಕಾಲ ಬುಡಕ್ಕೆ ಹೊಗೆ ಬರೀತಾರೆ. ಹೊಗೆ, ಧೂಳು, ಓಡೋ ಜನ... ಗೊತ್ತಿಲ್ಲದ್ದನ್ನೆಲ್ಲ ಅದರಲ್ಲಿ ಮುಚ್ಚಿಬಿಡೋದು. ಕೂದಲು ಬೆಳ್ಳಗಾಗೋವರೆಗೂ ನಾನೂ ಅದನ್ನೇ ಮಾಡ್ದೆ.

ಈ ಸಲ ಹೊಗೆ ಬೇಡ ಅಂದ್ರು ಪುಸ್ತಕದವರು. ಹಳೇ ಕಥೆ, ಹೊಸ ಮುದ್ರಣ, ಯಂತ್ರ ಪೂರ್ತಿ ಕಾಣಬೇಕಂತೆ, ಬೋಲ್ಟು ಸಮೇತ. ಇಗೋ, ಮೊಣಕಾಲು. ಒಂದು ಕಾಲು ಏಳುವಾಗ ಮಿಕ್ಕೆರಡು ಒಳಕ್ಕೆ ವಾಲಿ... ನೋಡಿದ್ಯಾ? ಇಡೀ ಯಂತ್ರ ಸುತ್ತುತ್ತಾ ಸುತ್ತುತ್ತಾ ಮುಂದಕ್ಕೆ ಬರತ್ತೆ. ಯಾರಿಗೂ ಹೊಳೀದೇ ಇದ್ದದ್ದು ನಿಮ್ಮಣ್ಣನಿಗೆ ಹೊಳೀತು ಕಣೋ!

ಯಾಕೋ? ನಗು ನಿಂತೇ ಹೋಯ್ತು?

ಅಷ್ಟು ಹತ್ತಿರ ಹಿಡೀಬೇಡ, ಮಸಿ ಆರಿಲ್ಲ. ಗೇಣು ಹಾಕಿ ಅದೇನು ಅಳೀತಿದೀಯ? ವೆಲ್ಡಿಂಗ್ ಮಾಡೋನ ಕೈಗೆ ಚಿತ್ರ ಕೊಟ್ರೂ ಅವನು ಜಾಯಿಂಟೇ ಹುಡುಕ್ತಾನೆ... ಏನು? ಇದನ್ನ ಎಲ್ಲಾದ್ರೂ ನೋಡಿದೀಯಾ? ಲೋ, ಮತ್ತೆ ಮತ್ತೆ ಆ ಮೊಣಕಾಲಿಗೇ ಯಾಕೆ ಬೆರಳಿಡ್ತೀಯ?

ಬರೀ ಬಣ್ಣ, ಕಾಗದ, ಅಷ್ಟೇ ಮಾರಾಯ! ಯಾವ ಪುಸ್ತಕದವರು ಅಂತಾನಾ ಹಾಗೆ ನೋಡ್ತಿರೋದು? ಹೆಸರು ಹೇಳಿದ್ರು... ಮರೆತೆ. ಮುಖಪುಟದ ಅಳತೆ? ಅದು... ಅದರ ಮಾತೇ ಎತ್ತಲಿಲ್ಲ ಅವರು. ಮೊಣಕಾಲು ಎಷ್ಟು ಟನ್ ಹೊರತ್ತೆ ಅಂತ ಕೇಳಿದ್ರು. ಓದೋರಿಗೆ ನಂಬಿಕೆ ಬರಬೇಕಲ್ಲ, ಅದಕ್ಕೆ ಕೇಳಿರ್ತಾರೆ...

ಹಾಗೆ ದುರುಗುಟ್ಟಬೇಡ್ವೋ. ಅಪ್ಪನೇ ಎದುರು ಕೂತ ಹಾಗಾಗತ್ತೆ.

ಇದು ಕೊನೇ ಹಾಳೆ. ಪಾದದ್ದು. ಮೊದಲು ಕೊಟ್ಟ ಪಾದ ಜಾರತ್ತಂತೆ, ಇನ್ನೂ ಅಗಲ ಮಾಡಿಕೊಡಿ ಅಂದ್ರು. ಸಂಜೆ ಬಂದು ಒಯ್ತಾರೆ.

...ಏನು? ಹೇಗೆ ಜಾರತ್ತೆ ಅಂದ್ರೆ... ಜಾರತ್ತಪ್ಪ! ಚಿತ್ರದ ಪಾದವೂ... ಚಿತ್ರದ ಪಾದ ಜಾರಲ್ಲ. ಗೊತ್ತು ಕಣೋ. ಗೊತ್ತು.

ಮೊನ್ನೆ ನಿಮ್ಮ ಶೆಡ್ಡಲ್ಲಿ ನಿನ್ನ ಜೊತೆಗಾರ ಹೋದನಲ್ಲ... ಕ್ರೇನ್ ಬಿತ್ತು ಅಂತ ನೀನೇ ಹೇಳಿದ್ದೆ. ಕ್ರೇನೇ ತಾನೆ? ಲೋ, ತಲೆ ಎತ್ತು. ಕ್ರೇನ್ ತಾನೆ?

ಅಯ್ಯೋ... ಅಳಬೇಡ್ವೋ. ನಾಳೆಯಿಂದ ನೀನು ಆ ಯಂತ್ರದ ಹತ್ರ ಹೋಗಬೇಡ, ಕೆಲಸ ಹೋದ್ರೆ ಹೋಗಲಿ, ನಾನಿದೀನಿ. ಹೆದರಬೇಡ... ಹಾಳೆ ಯಾಕೆ ಮಡಚ್ತಿದೀಯ? ಹರೀಬೇಡ! ಅಗಲ ಪಾದ ಕಣೋ ಅದು, ಅದಿದ್ರೆ ಇನ್ನು ಯಾರ ಮೇಲೂ ಬೀಳಲ್ಲ... ಕೊಡು ಇಲ್ಲಿ. ಕಾರು ಬಂದ ಸದ್ದಾಯ್ತು. ಅವರೇ.

ಆಯ್ತು, ನಿನ್ನ ಕೈಲೇ ಇಟ್ಕೋ. ಬಾಗಿಲು ತೆಗೆಯೋಲ್ಲ. ನನ್ನಾಣೆ, ತೆಗೆಯೋಲ್ಲ. ಒಂದೇ ಒಂದು ಹೇಳಿಬಿಡು, ಯಾರಿಗೂ ಹೇಳಲ್ಲ ನಾನು... ಅವನ ಮೇಲೆ ಬೀಳೋಕೆ ಮುಂಚೆ...

ಮೂರು ಕಾಲಲ್ಲಿ ನಡೀತಾ ಅದು?